ಊರನ್ನೆಲ್ಲ ಊಟಕ್ಕೆ ಕರೆದ ಉಳಿವೆಪ್ಪ

ನಾನು ಬರೆದ ಯಾದಿಯಿಂದ ಒಂದು ನರಪಿಳ್ಳೆಯೂ ತಪ್ಪಿಸಿಕೊಂಡದ್ದಿಲ್ಲ. ಹಿರೇಕೆರೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿದವನು ನಾನು. ಜನಗಣತಿಯವರು ಊರಿಗೆ ಬಂದರೆ ಮನೆಮನೆ ತಿರುಗುವ ತ್ರಾಸು ತೆಗೆದುಕೊಳ್ಳದೆ ನೇರ ನನ್ನ ಹತ್ತಿರ ಬಂದು, ನಾನು ಹೇಳಿದ್ದನ್ನು ಬರೆದುಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಬಸುರಿಯರ ಹೊಟ್ಟೆಯಲ್ಲಿದ್ದವರನ್ನೂ ನಾನು ಅರ್ಧ ಎಂದು ಹಿಡಿಯುತ್ತಿದ್ದೆ. ಯಮನ ಕಚೇರಿಯ ಕಾರಕೂನನಿಗೆ ಕೂಡ ಒಮ್ಮೊಮ್ಮೆ ಕೈತಪ್ಪಿ, ಹೋಗಬೇಕಾದವನು ಉಳಿದು ಉಳಿಯಬೇಕಾದವನು ಹೋಗುವುದುಂಟು. ನನ್ನ ಕೈಯಿಂದ ಅಂಥದ್ದು ನಡೆದಿಲ್ಲ. ಆದರೆ ಈಗ ಹೇಳಹೊರಟದ್ದು ನನ್ನ ಸಂಗತಿಯಲ್ಲ, ನಮ್ಮ ಜಿನ್ನಿನ ಗೇಟು ಕಾಯುತ್ತಿದ್ದ ಉಳಿವೆಪ್ಪನದು.

ನಮ್ಮ ಜಿನ್ನಿಗೆ ಭೋಂಗಾ ಇರಲಿಲ್ಲ. ದೊಡ್ಡ ಊರಿನ ಗಿರಣಿಗಳಲ್ಲಿ ಹೊತ್ತು ಹುಟ್ಟುವ ಮೊದಲು ಭೋಂಗಾ ಕೂಗಿ ಕೆಲಸದವರನ್ನು ಎಬ್ಬಿಸುತ್ತದಲ್ಲ, ಅದನ್ನು ತರಲು ಹುಬ್ಬಳ್ಳಿಗೆ ಹೋಗಿದ್ದ ನಮ್ಮ ಸಾಹುಕಾರ ಚನ್ನವೀರಪ್ಪನವರು ಅದರ ಕಿಮ್ಮತ್ತು ಕೇಳಿ ಬರಿಗೈಯಲ್ಲಿ ತಿರುಗಿ ಬಂದರು. ಊರಲ್ಲಿ ಉಳಿವೆಪ್ಪ ಇರುವಾಗ ತಗಡಿನ ಗಂಟಲು ಯಾಕೆ ಬೇಕು ಎಂಬುದು ಅವರ ವಿಚಾರ. ಅಂದಿನಿಂದ ಉಳಿವೆಪ್ಪನೇ ನಮ್ಮ ಭೋಂಗಾ. ನಸುಕಿನಲ್ಲಿ ಎದ್ದು, ರುಮಾಲು ಸುತ್ತಿ, ಓಣಿ ಓಣಿ ತಿರುಗಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗುತ್ತಿದ್ದ. ಆಳು ನೋಡಿದರೆ ಹತ್ತಿಕಟ್ಟಿಗೆ, ಗಂಟಲು ಮಾತ್ರ ಆನೆಯದು. ಹಿರೇಕೆರೂರಿನಲ್ಲಿ ಅವನು ಕೂಗಿದರೆ ರಟ್ಟೀಹಳ್ಳಿಯ ಎಮ್ಮೆಗಳು ಮೆಲುಕು ನಿಲ್ಲಿಸುತ್ತಿದ್ದವು. ಊರು ದಾಟಿ ಎರಡು ಮೈಲಿ ಹೋಗಿದ್ದ ಹಾವೇರಿ ಬಸ್ಸಿನ ಡ್ರೈವರು, ಯಾರೋ ಹತ್ತುವವರಿದ್ದಾರೆ ಎಂದು ಗಾಡಿಯನ್ನು ಹಿಂದಕ್ಕೆ ತಂದದ್ದನ್ನು ನಾನೇ ಕಂಡಿದ್ದೇನೆ. ಹಿಂದಿನ ಸಂಜೆ ತೀರಿಕೊಂಡಿದ್ದ ಕೆಲಸಗಾರನೊಬ್ಬ ತನ್ನ ಹೆಸರು ಕೇಳಿ ಕಾಲು ಅಲ್ಲಾಡಿಸಿದ ಎನ್ನುವವರಿದ್ದಾರೆ. ಅದನ್ನು ನಾನು ಕಂಡಿಲ್ಲ, ಆದರೆ ನಂಬುತ್ತೇನೆ.

ಈ ಗಂಟಲು ಜಿನ್ನು ಹುಟ್ಟುವ ಮೊದಲೇ ಹೆಸರಾದದ್ದು. ಊರಿನ ಊಟಗಳಿಗೆ ಹೇಳಿಕೆ ಹೇಳುವುದು ಅವನ ಅಪ್ಪನ, ಅಜ್ಜನ ಕೆಲಸ. ನಮ್ಮ ಕಡೆ ಯಾರದೇ ಮನೆಯಲ್ಲಿ ಊಟವಿದ್ದರೂ ಎರಡು ಸಲ ಕರೆಯಬೇಕು. ಹಿಂದಿನ ದಿನ ಬಾಗಿಲಿಗೆ ಬಂದು, ನಾಳೆ ಇಂಥವರಲ್ಲಿ ಊಟ ಎಂದು ಒಮ್ಮೆ. ಮರುದಿನ ಎಲೆ ಹಾಕಿದ ಮೇಲೆ, ಏಳಿರಿ ಎಂದು ಇನ್ನೊಮ್ಮೆ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಹಸಿದು ಸತ್ತರೂ ಯಾರೂ ಏಳುವುದಿಲ್ಲ. ಕರೆಯುವುದಕ್ಕೂ ರೀತಿಯುಂಟು. ಯಾರನ್ನು ಹೊಸ್ತಿಲ ಮುಂದೆ ನಿಂತು ಕರೆಯಬೇಕು, ಯಾರಿಗೆ ಬೀದಿಯಿಂದ ಕೂಗಿದರೆ ಸಾಕು, ಬೇರೆಯಾದ ಅಣ್ಣತಮ್ಮಂದಿರಲ್ಲಿ ಮೊದಲು ಯಾರ ಬಾಗಿಲು, ಅಳಿಯನ ಎದುರಿಗೆ ಮಾವನನ್ನು ಹೇಗೆ ಕರೆಯಬೇಕು, ಇದೆಲ್ಲ ಉಳಿವೆಪ್ಪನ ತಲೆಯಲ್ಲಿತ್ತು.

ಅವನನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಕರೆಯುವವನನ್ನು ಕರೆಯುವುದು ಎಂದರೇನು ಎಂದೇ ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ಎಲೆಯ ಮುಂದೆ ಕೂತಾಗ ಅವನಿನ್ನೂ ಕೊನೆಯ ಓಣಿಯಲ್ಲಿರುತ್ತಿದ್ದ. ಕೊನೆಯ ಪಂಕ್ತಿ ಎದ್ದ ಮೇಲೆ ಹಿತ್ತಲ ಬಾಗಿಲಲ್ಲಿ ಅವನ ಹೆಂಡತಿ ಕರೆವ್ವ ಪಾತ್ರೆ ಹಿಡಿದು ನಿಲ್ಲುವಳು, ಉಳಿದದ್ದು ಅದಕ್ಕೆ ಬೀಳುವುದು. ನಲವತ್ತಾರು ವರ್ಷದ ಆಯುಷ್ಯದಲ್ಲಿ, ಬಾಗಿಲಿಗೆ ಬಂದ ಹೇಳಿಕೆಗೆ ಓಗೊಟ್ಟು ಹೋಗಿ ಪಂಕ್ತಿಯಲ್ಲಿ ಕೂತು ಉಂಡದ್ದು ಅವನಿಗೆ ಒಂದು ಸಲವೂ ಇಲ್ಲ. ಊರಿಗೆಲ್ಲ ಕಿವಿಯಿದೆ, ನಮ್ಮ ಬಾಗಿಲಿಗೆ ಬಂದು ಕರೆಯುವ ಬಾಯಿ ಒಂದಿಲ್ಲ ಎಂದು ಕರೆವ್ವ ನೀರು ಸೇದುವಾಗ ಆಡಿಕೊಳ್ಳುತ್ತಿದ್ದಳಂತೆ.

ಹತ್ತೊಂಬತ್ತು ನೂರಾ ಅರವತ್ತರ ಕೊನೆಗೆ ಸಾಹುಕಾರರ ತಲೆಯಲ್ಲೊಂದು ಹುಳ ಹೊಕ್ಕಿತು. ಹುಬ್ಬಳ್ಳಿಯಲ್ಲಿದ್ದ ಅವರ ಮೈದುನ, ದೊಡ್ಡ ದೊಡ್ಡ ಗಿರಣಿಯವರು ಕೆಲಸದವರನ್ನೆಲ್ಲ ವರ್ಷಕ್ಕೊಂದು ದಿನ ಊರ ಹೊರಗೆ ಒಯ್ದು, ಸಭೆ ಮಾಡಿ, ಉಣಿಸಿ ಕರೆತರುತ್ತಾರೆ, ಆಮೇಲೆ ಅವರು ಎತ್ತಿನಂತೆ ದುಡಿಯುತ್ತಾರೆ ಎಂದು ಹೇಳಿದ್ದ. ನಮ್ಮವರಿಗೆ ಹಾನಗಲ್ಲು, ಶಿಗ್ಗಾವಿ, ಸವಣೂರುಗಳಲ್ಲಿ ಹತ್ತಿ ಖರೀದಿಯ ವಖಾರಿಗಳಿದ್ದವು. ಸಂಕ್ರಮಣ ದಾಟಿದ ರವಿವಾರ, ಹಂಗಾಮು ಬಿರುಸಾಗುವ ಮೊದಲು, ನಾಲ್ಕೂ ಊರಿನವರು ಒಂದೆಡೆ ಕೂಡಿ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು ಎಂದು ಅಪ್ಪಣೆಯಾಯಿತು. ಯೋಜನೆ ನನ್ನ ಕೊರಳಿಗೆ ಬಿತ್ತು.

ಜಾಗ ಗೊತ್ತು ಮಾಡಲು ಹದಿನೈದು ದಿನ ಹಿಡಿಯಿತು. ಹಾನಗಲ್ಲಿನವರು ತಮ್ಮೂರ ಗುಡಿಯ ಪ್ರಾಕಾರ ಆಗಬೇಕೆಂದರು. ನಮ್ಮ ಎಂಜಿನ್ ನಡೆಸುತ್ತಿದ್ದ ಖಾದರಸಾಬ ಸವಣೂರಿನವನು. ಅವನು ತಮ್ಮೂರ ದೊಡ್ಡ ಹುಣಸೆಮರದ ಪೊಟರೆಯೊಳಗೆ ಇಡೀ ಕಂಪನಿ ಕೂತು, ಮೇಲೆ ಎಂಜಿನ್ನನ್ನೂ ಇಡಬಹುದು ಎಂದ. ಹೆಚ್ಚು ಹೇಳಿದನೆಂದು ನನಗನಿಸಲಿಲ್ಲ, ನಾನಾದರೆ ಎರಡು ಎಂಜಿನ್ ಎನ್ನುತ್ತಿದ್ದೆ. ಶಿಗ್ಗಾವಿಯವರು ತಮ್ಮದು ಸಡಕಿನ ಮೇಲಿನ ಊರು, ಇನ್ನೊಬ್ಬರ ಊರಿಗೆ ಉಣ್ಣಲು ಹೋಗುವ ಗತಿ ತಮಗೆ ಬಂದಿಲ್ಲ ಎಂದು ಹೇಳಿಕಳಿಸಿದರು. ಕೊನೆಗೆ ಮಾಸೂರಿನ ಹತ್ತಿರದ ಮದಗದ ಕೆರೆ ಎಂದಾಯಿತು. ಅದು ನಾಲ್ಕರಲ್ಲಿ ಯಾರ ಊರೂ ಅಲ್ಲ, ಮೇಲಾಗಿ ನೀರು ಪುಕ್ಕಟೆ.

ಸಾಹುಕಾರರು ಕೆಂಪು ಕಾಗದದ ಮೇಲೆ ಆಮಂತ್ರಣ ಅಚ್ಚು ಹಾಕಿಸಿ ಎಲ್ಲ ವಖಾರಿಗಳಿಗೆ ಟಪಾಲಿನಲ್ಲಿ ಕಳಿಸಿದರು. ಹತ್ತು ದಿನವಾದರೂ ಯಾವ ಊರಿನಿಂದಲೂ ಹ್ಞೂಂ ಇಲ್ಲ, ಉಹೂಂ ಇಲ್ಲ. ಹಾನಗಲ್ಲಿನವರು ಕೆಂಪು ಕಾಗದ ನೋಡಿ ಹರಾಜಿನ ನೋಟಿಸು, ಜಿನ್ನು ಲಿಲಾವಿಗೆ ಬಂದಿದೆ ಎಂದು ತಿಳಿದು ಮರುಗುತ್ತಿದ್ದರಂತೆ. ಉಳಿದವರು ಭಕ್ತಿಯಿಂದ ಓದಿ, ಗೋಡೆಗೆ ಅಂಟಿಸಿ, ಮನೆಗೆ ಹೋಗಿದ್ದರು. ಊರಿಗೆ ಹೋಗಿಬಂದ ಖಾದರಸಾಬ ಕೆಲಸಕ್ಕೆ ಹತ್ತುವ ಮೊದಲೇ ನಮಗೆ ಬಿಡಿಸಿ ಹೇಳಿದ.

“ಚೀಟಿ ಬಂತು, ಮನಿಷಾ ಬರಲಿಲ್ಲ ಅಂತಾರ್ರಿ. ಕಾಗದ ನೋಡಿ ಊಟಕ್ಕ ಹೋಗಾಕ ನಾವೇನು ಗತಿಗೆಟ್ಟವರೇನು ಅಂತ ಕೇಳ್ತಾರ.”

ಇದ್ದ ದಾರಿ ಒಂದೇ. ಉಳಿವೆಪ್ಪನನ್ನು ಆಫೀಸಿಗೆ ಕರೆಸಿದೆವು. ಮೂರೂ ಊರಿಗೆ ಹೋಗಿ ಬಾಗಿಲು ಬಾಗಿಲಿಗೆ ಹೇಳಿಕೆ ಹೇಳಿ ಬರಬೇಕು, ಆ ದಿನ ಕೆರೆಯ ಮೇಲೆ ಎರಡನೆಯ ಕರೆಯನ್ನೂ ಅವನೇ ಕರೆಯಬೇಕು ಎಂದು ಸಾಹುಕಾರರು ಹೇಳಿದರು. ಅವನು ಎಲ್ಲ ಕೇಳಿಕೊಂಡ. ಹೋಗದೆ ಬಾಗಿಲಿನ ಚೌಕಟ್ಟು ಹಿಡಿದು ನಿಂತ.

“ಹೋಗ್ತೇನ್ರಿ. ಒಂದ್ ಮಾತೈತಿ,” ಎಂದ. “ಈ ಸಲ ನನಗೂ ಒಂದ್ ಹೇಳಿಕಿ ಬರಬೇಕು. ಹಿಂದಿನ ದಿವಸ ಯಾರರ ನನ್ನ ಬಾಗಲಿಗೆ ಬಂದು, ಉಳಿವೆಪ್ಪಾ, ನಾಳೆ ಊಟಕ್ಕ ಬಾ ಅನಬೇಕ್ರಿ. ಕರೆವ್ವನ ಕಿವಿಗೆ ಬೀಳೂ ಹಂಗ ಅನಬೇಕು. ಮಂದೀನ ಕರದು ಕುಂದರಿಸಿ, ಕಡೀಕ ನಾನೂ ಒಂದ್ ಎಲಿ ಮುಂದ ಕುಂದರತೇನಿ.”

ಆಫೀಸಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ನಾನು ನಕ್ಕೆ. ಅವನು ನಗಲಿಲ್ಲ. ಸಾಹುಕಾರರು ಕಣ್ಣೊರೆಸಿಕೊಂಡು, “ಅಷ್ಟ ಹೌದಲ್ಲೋ? ಗುಮಾಸ್ತನ್ನ ಕಳಸ್ತೇನಿ, ಹೋಗು,” ಎಂದರು. ಉಳಿವೆಪ್ಪ ನನ್ನ ಮುಖ ನೋಡಿದ. ನಾನು ಆಗಲಿ ಎಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನನಗೆ ಇವತ್ತಿಗೂ ಕುತ್ತಿಗೆಯಲ್ಲಿ ನೋಯುತ್ತದೆ.

ಎಂಟು ದಿನ ತಿರುಗಿದ. ಬಸ್ಸಿದ್ದಲ್ಲಿ ಬಸ್ಸು, ಇಲ್ಲದಲ್ಲಿ ಕಾಲು. ಹತ್ತಿ ತೂಗುವ ನಮ್ಮ ಆಳೊಬ್ಬ ಆಡೂರಿನಲ್ಲಿದ್ದ. ಅವನೊಬ್ಬನಿಗಾಗಿ ಹಾನಗಲ್ಲಿನಿಂದ ಅಷ್ಟು ದೂರ ನಡೆದು, ಮನೆಯಲ್ಲಿಲ್ಲದ ಅವನನ್ನು ಹೊಲಕ್ಕೆ ಹುಡುಕಿಕೊಂಡು ಹೋಗಿ, ಹೊಲದಲ್ಲಿ ಹೇಳಿದರೆ ಹೇಳಿಕೆಯಾಗುವುದಿಲ್ಲ ಎಂದು ತಿರುಗಿ ಅವನನ್ನು ಮನೆಗೆ ಕರೆತಂದು, ಹೊಸ್ತಿಲ ಮುಂದೆ ನಿಲ್ಲಿಸಿ ಹೇಳಿದನಂತೆ. ಸವಣೂರಿನಲ್ಲಿ ಖಾದರಸಾಬನ ತಾಯಿ ಕುಲಸುಮಬಿಯನ್ನೂ ಹೆಸರು ಹಿಡಿದು ಕರೆದ. ಗಂಡ ತೀರಿದ ಮೇಲೆ ತನ್ನ ಹೆಸರನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ ಎಂದು ಆ ಮುದುಕಿ ಅತ್ತು, ದಾರಿಗೆಂದು ಒಂದು ಕಟ್ಟು ವೀಳ್ಯದೆಲೆ ಕೊಟ್ಟು ಕಳಿಸಿದಳು. ಮೂರೂ ಊರಿನವರು ಬರುತ್ತೇವೆಂದರು. ನಮ್ಮೂರಿನವರೂ ಸೇರಿ ಒಟ್ಟು ನೂರಾ ನಲವತ್ತು ಮಂದಿ. ನಾನು ಯಾದಿ ಬರೆದೆ, ಅಷ್ಟೇ ಎಲೆ ತರಿಸಿದೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವನು ಹಿರೇಕೆರೂರಿನ ಓಣಿಗಳ ಹೇಳಿಕೆಯನ್ನೂ ಮುಗಿಸಿ ಮನೆ ಸೇರಿದ್ದ. ಅಲ್ಲಿಂದ ಮುಂದಿನದನ್ನು ಅವನ ನೆರೆಮನೆಯ ದುರಗವ್ವ ನನಗೆ ಆಮೇಲೆ ಹೇಳಿದ್ದು. ಅವಳು ನಮ್ಮ ಜಿನ್ನಿನ ಹೆಣ್ಣಾಳುಗಳ ಮುಖ್ಯಸ್ಥೆ, ಬಾಯಿ ಸ್ವಲ್ಪ ಖಾರ. ಕರೆವ್ವ ಹೊಸ್ತಿಲು ಸಾರಿಸಿ ರಂಗೋಲಿ ಎಳೆದಿದ್ದಳಂತೆ. ಅವರ ಮನೆಯಲ್ಲಿ ಖುರ್ಚಿಯಿರಲಿಲ್ಲ. ಗುಮಾಸ್ತರು ಬರುತ್ತಾರೆಂದು ದುರಗವ್ವನ ಮನೆಯ ಖುರ್ಚಿ ತಂದಿಟ್ಟಿದ್ದಳು. ಚಹಾಪುಡಿ, ಸಕ್ಕರೆ ತಂದಿದ್ದಳು. ಉಳಿವೆಪ್ಪ ಒಗೆದ ಧೋತರ ಉಟ್ಟು ಕಟ್ಟೆಯ ಮೇಲೆ ಕೂತವನು ದೀಪ ಹಚ್ಚುವ ತನಕ ಅಲ್ಲಿಂದ ಏಳಲಿಲ್ಲ.

ನಾನು ಆ ದಿನ ಎರಡು ಸಲ ಅವನ ಓಣಿಯ ಬಾಯಿ ದಾಟಿ ಹೋದೆ. ಒಮ್ಮೆ ಎಲೆಗಳ ಸಲುವಾಗಿ, ಇನ್ನೊಮ್ಮೆ ಉಪ್ಪಿನ ಚೀಲದ ಸಲುವಾಗಿ. ನನ್ನನ್ನು ಕಂಡು ಅವನು ಎರಡು ಸಲವೂ ಎದ್ದು ನಿಂತ. ನಾಳೆಗೆ ತಯಾರಾಗಿದ್ದಾನೆ, ನಿಯತ್ತಿನ ಮನುಷ್ಯ ಎಂದುಕೊಂಡು ನಾನು ದೂರದಿಂದಲೇ ಕೈ ಬೀಸಿ ಮುಂದೆ ಹೋದೆ.

ರವಿವಾರ ನಸುಕಿನಲ್ಲಿ ಎಂದಿನಂತೆಯೇ ಅವನ ಕೂಗು ಕೇಳಿತು. ಎಲ್ಲರನ್ನೂ ಎಬ್ಬಿಸಿ, ಎರಡು ಲಾರಿ ತುಂಬಿಸಿದ. ಮುಂದಿನ ಲಾರಿಯವರು ಅವನು ಹಿಂದಿನದರಲ್ಲಿದ್ದಾನೆ ಎಂದುಕೊಂಡರು, ಹಿಂದಿನವರು ಮುಂದಿನದರಲ್ಲಿ ಎಂದುಕೊಂಡರು. ಅವನು ಗೇಟಿಗೆ ಕೀಲಿ ಹಾಕಿ ಮನೆಗೆ ಹೋದ.

ಮದಗದ ಕೆರೆಯ ಮೇಲೆ ಸಭೆ ಬಹಳ ಚೆನ್ನಾಗಿ ನಡೆಯಿತು. ಸಾಹುಕಾರರು ಒಂದು ತಾಸು ಮಾತಾಡಿದರು. ನಾವೆಲ್ಲ ಒಂದೇ ಮನೆಯ ಮಂದಿ ಎಂದು ಹದಿನಾಲ್ಕು ಸಲ ಹೇಳಿದರು. ಅಷ್ಟರಲ್ಲಿ ಗೋದಿಹುಗ್ಗಿ, ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು ಎಲ್ಲ ತಯಾರಾಗಿ, ಏರಿಯ ಉದ್ದಕ್ಕೂ ಒಂದೇ ಪಂಕ್ತಿಗೆ ಎಲೆ ಬಿದ್ದವು. ಎಷ್ಟುದ್ದ ಪಂಕ್ತಿ ಎಂದರೆ, ಒಂದು ತುದಿ ನಮ್ಮ ತಾಲೂಕಿನಲ್ಲಿದ್ದರೆ ಇನ್ನೊಂದು ತುದಿಯವರಿಗೆ ಶಿಕಾರಿಪುರದವರು ಬಂದು ಸುಂಕ ಕೇಳಬೇಕು, ಅಷ್ಟು.

ಯಾರೂ ಏಳಲಿಲ್ಲ. ನಾಲ್ಕು ಊರಿನವರು ನಾಲ್ಕು ಮರದ ನೆರಳಲ್ಲಿ ಕೂತು ಕೆರೆ ನೋಡುತ್ತಿದ್ದರು. ಎರಡನೆಯ ಕರೆ ಬಂದಿರಲಿಲ್ಲ. ಸಾಹುಕಾರರು ತಾವೇ ಎದ್ದುನಿಂತು, ಎಲ್ಲರೂ ಊಟಕ್ಕೆ ಏಳಿರಿ ಎಂದು ಎರಡು ಕೈಯೆತ್ತಿ ಕರೆದರು. ಹಾನಗಲ್ಲಿನವರು ಅವರ ಮುಖ ಸವಣೂರಿನವರ ಕಡೆಗಿತ್ತು ಎಂದರು, ಸವಣೂರಿನವರು ಕೈ ಶಿಗ್ಗಾವಿಯವರ ಕಡೆಗಿತ್ತು ಎಂದರು.

“ಎಲ್ಲಾರೂ ಅಂದ್ರ ಯಾರ್ರಿ?” ಎಂದು ದುರಗವ್ವ ಕೂತಲ್ಲಿಂದಲೇ ಕೇಳಿದಳು. “ಎಲ್ಲಾರೂ ಅನ್ನೂ ಹೆಸರಿನಾಕಿ ನಮ್ಮ ಪೈಕಿ ಯಾಕಿನೂ ಇಲ್ಲ.”

ಆಗ ನಾನು ಯಾದಿ ಹಿಡಿದು ಹೊರಟೆ. ನನ್ನ ಗಂಟಲು ಹೇಗೆಂದರೆ, ನಾನು ಕೂಗಿದ್ದು ನನ್ನ ಮೀಸೆಯನ್ನು ದಾಟಿ ಹೋಗುವುದಿಲ್ಲ. ಶಿಗ್ಗಾವಿಯಿಂದ ಸುರು ಮಾಡಿದೆ ಎಂದು ಹಾನಗಲ್ಲಿನವರು ಬೆನ್ನು ತಿರುಗಿಸಿದರು. ತಮ್ಮನ ಹೆಸರನ್ನು ಮೊದಲು ಓದಿದೆ ಎಂದು ಅಣ್ಣ ಏಳಲಿಲ್ಲ, ಅಣ್ಣ ಏಳಲಿಲ್ಲ ಎಂದು ತಮ್ಮನೂ ಕೂತ. ಅಳಿಯನ ಎದುರಿಗೆ ಮಾವನನ್ನು ಬರೀ ಹೆಸರಿನಿಂದ ಕೂಗಿದೆ; ಆ ಮುದುಕ ಸಿಟ್ಟಿನಿಂದ ಚಪ್ಪಲಿ ಮೆಟ್ಟಿಕೊಂಡ. ಹುಗ್ಗಿಯ ಮೇಲೆ ಕೆನೆಗಟ್ಟಿತು. ಎಲೆಯ ಮೇಲಿನ ರೊಟ್ಟಿಗಳನ್ನು ಕಾಗೆಗಳು ಯಾರ ಹೇಳಿಕೆಗೂ ಕಾಯದೆ ಎತ್ತಿಕೊಂಡು ಹೋದವು. ಕೂಸುಗಳು ಅಳತೊಡಗಿದವು. ಕೊನೆಗೆ ಖಾದರಸಾಬ ನನ್ನ ಹತ್ತಿರ ಬಂದು, ಇದು ನಿಮ್ಮಿಂದ ಆಗುವುದಲ್ಲ, ಉಳಿವೆಪ್ಪ ಎಲ್ಲಿ ಎಂದು ಕೇಳಿದ. ಅವನು ಕೇಳುವವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಸಾಹುಕಾರರು ನನ್ನನ್ನು ಲಾರಿಯಲ್ಲಿ ಊರಿಗೆ ಓಡಿಸಿದರು. ಏಳೆಂಟು ಮೈಲಿ ದಾರಿಯಲ್ಲಿ ಯಾದಿಯನ್ನು ಮೂರು ಸಲ ಓದಿದೆ. ನಾಲ್ಕು ಊರಿನವರಿದ್ದರು. ಅಡಿಗೆಯವರಿದ್ದರು. ಲಾರಿ ಒರೆಸುವವನಿದ್ದ. ಸಾಹುಕಾರರ ನಾಯಿ ಇತ್ತು, ‘ಹಾಲುಅನ್ನ’ ಎಂದು ಷರಾ ಸಹಿತ. ಕುಲಸುಮಬಿಯ ಕಂಕುಳ ಮೊಮ್ಮಗಳು ಅರ್ಧ ಎಂದು ಇದ್ದಳು. ಉಳಿವೆಪ್ಪ ಇರಲಿಲ್ಲ.

ಅವನು ಕಟ್ಟೆಯ ಮೇಲೆ ಕೂತಿದ್ದ. ಅದೇ ಒಗೆದ ಧೋತರ. ಲಾರಿ ನಿಂತದ್ದು ನೋಡಿಯೂ ಈ ಸಲ ಏಳಲಿಲ್ಲ. ಸಾಹುಕಾರರು ಕರೆದಿದ್ದಾರೆ, ಬಾ ಎಂದೆ.

“ಊಟಕ್ಕೋ, ಕೆಲಸಕ್ಕೋ?” ಎಂದ.

ಸುಳ್ಳು ನನಗೆ ಹೊಸದಲ್ಲ. ಓದುಗರಿಗೆ ಇಷ್ಟರಲ್ಲಿ ಅದು ಗೊತ್ತಾಗಿರಬೇಕು. ಆದರೆ ಆ ಹೊತ್ತಿಗೆ ಬೇಕಾದ ಸಣ್ಣದೊಂದು ಸುಳ್ಳು ಬಾಯಿಗೆ ಬರಲಿಲ್ಲ. ಬಿಸಿಲಿಗೆ ಕಾಲು ಸುಡುತ್ತಿತ್ತು, ಸುತ್ತ ಕೂಡುವ ಜಾಗ ಹುಡುಕಿದೆ. ಒಳಗಿಂದ ಕರೆವ್ವ ಮಾತಾಡಿದಳು.

“ನಿನ್ನೆ ನಿಮ್ಮ ಸಲುವಾಗಿ ಖುರ್ಚಿ ತಂದು ಇಟ್ಟಿದ್ದೆ ಗುಮಾಸ್ತರ. ವಾಪಸ್ ಕೊಟ್ಟೇನಿ. ನಿಂತ ಮಾತಾಡ್ರಿ.”

ನಾನು ನಿಂತೇ ಎಲ್ಲ ಹೇಳಿದೆ. ಯಾರೂ ಎದ್ದಿಲ್ಲ, ಅನ್ನ ಆರಿದೆ, ಕೂಸುಗಳು ಅಳುತ್ತಿವೆ ಎಂದೆ. ಉಳಿವೆಪ್ಪ ಕಟ್ಟೆಯಿಂದ ಇಳಿದ.

“ನಾ ಕರದ ಮಂದಿ,” ಎಂದ. “ಉಪಾಸ ಹ್ವಾದ್ರ ನನ್ನ ಹೆಸರೀಲೆ ಹೋಗ್ತಾರ. ನಡೀರಿ.”

ಹೊರಡುವಾಗ ಅವನು ಒಳಗೆ ನೋಡಲಿಲ್ಲ. ಕರೆವ್ವ ಹೊರಗೆ ಬರಲಿಲ್ಲ.

ಕೆರೆಯ ಏರಿಯ ಮೇಲೆ ನಿಂತು ಅವನು ಮೊದಲ ಹೆಸರು ಕೂಗಿದಾಗ ನೀರಿನ ಮೇಲಿದ್ದ ಹಕ್ಕಿಗಳೆಲ್ಲ ಎದ್ದವು, ಆಮೇಲೆ ಮನುಷ್ಯರು ಎದ್ದರು. ಹಾನಗಲ್ಲಿನ ಹಿರಿಯರಿಂದ ಸುರು ಮಾಡಿದ. ಅಣ್ಣನ ಹತ್ತಿರ ಹೋಗಿ ಬಾಗಿ ಮೆಲ್ಲಗೆ ಕರೆದ, ತಮ್ಮನನ್ನು ದೂರದಿಂದ ಸಲಿಗೆಯಿಂದ ಕರೆದ. ಆ ಮಾವನನ್ನು ಊರಿನ ಹೆಸರು ಹಿಡಿದು, ಗೌಡ್ರ ಎಂದ. ಮುದುಕ ಚಪ್ಪಲಿ ಬಿಟ್ಟು ಎದ್ದ. ಕುಲಸುಮಬಿಯನ್ನು ಕರೆದ, ದುರಗವ್ವನನ್ನು ಕರೆದ, ಅಡಿಗೆಯವರನ್ನೂ ಸಾಹುಕಾರರನ್ನೂ ಕರೆದ. ಕೊನೆಗೆ ನನ್ನನ್ನೂ ಕರೆದ. ಯಾವ ಕೊಂಕೂ ಇಲ್ಲದೆ, ಎಲ್ಲರನ್ನು ಕರೆದಂತೆಯೇ ಕರೆದ. ನಾಲ್ಕು ಊರು ಒಂದೇ ಪಂಕ್ತಿಯಲ್ಲಿ ಕೂತವು. ಸಾಹುಕಾರರು ಆ ತುದಿಯಿಂದ ಈ ತುದಿಗೆ ನೋಡಿ ಹಿಗ್ಗಿದರು.

ನೂರಾ ನಲವತ್ತು ಎಲೆ, ನೂರಾ ನಲವತ್ತು ಮಂದಿ. ಒಂದೂ ಹೆಚ್ಚಿಗೆ ಇರಲಿಲ್ಲ. ನನ್ನ ಯಾದಿ ಅಷ್ಟು ಬರೋಬ್ಬರಿ ಇತ್ತು. ನನ್ನ ಎಲೆ ಬಿಟ್ಟು ಏಳಬಹುದಿತ್ತು. ಏಳಬೇಕು ಎಂದುಕೊಳ್ಳುತ್ತಲೇ ನಾನು ಹುಗ್ಗಿಗೆ ಕೈಹಾಕಿದೆ. ಹಸಿವಾಗಿತ್ತು. ಆರಿದರೂ ರುಚಿಯಾಗಿತ್ತು, ಮುಂದಿದ್ದ ಪಾತ್ರೆಯಿಂದ ಎರಡನೆಯ ಸಲ ಹಾಕಿಕೊಂಡೆ. ತಲೆಯೆತ್ತಿದಾಗ ಉಳಿವೆಪ್ಪ ಏರಿ ಇಳಿದು ಮಾಸೂರಿನ ದಾರಿ ಹಿಡಿದಿದ್ದ. ಪಂಕ್ತಿಯಲ್ಲಿದ್ದವರು ಯಾರೂ ಅವನನ್ನು ಕೂಗಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದ.

ಸೋಮವಾರ ಬೆಳಿಗ್ಗೆ ಸಾಹುಕಾರರು ಗೇಟಿನಲ್ಲೇ ಅವನನ್ನು ನಿಲ್ಲಿಸಿದರು. ಹಿಂದಿನ ದಿನದ ಹಿಗ್ಗು ರಾತ್ರಿ ಕಳೆಯುವುದರೊಳಗೆ ಇಳಿದಿತ್ತು. ಒಬ್ಬ ಗೇಟಿನವನು ಬರದೆ ತಮ್ಮ ಮಾತಿಗೆ ಒಂದು ನರಪಿಳ್ಳೆಯೂ ಏಳಲಿಲ್ಲ ಎಂಬುದು ಉಳಿದಿತ್ತು. ನಾಲ್ಕು ಊರಿನ ಮುಂದೆ ತಮ್ಮ ಮರ್ಯಾದೆ ತೆಗೆದ ಎಂದರು. ಹುಬ್ಬಳ್ಳಿಗೆ ಮನುಷ್ಯನನ್ನು ಕಳಿಸಿದ್ದೇನೆ, ಗುರುವಾರಕ್ಕೆ ಭೋಂಗಾ ಬರುತ್ತದೆ, ಇನ್ನು ನಿನ್ನ ಗಂಟಲು ನಮಗೆ ಬೇಡ, ಕೀಲಿ ಇಟ್ಟು ಹೋಗು ಎಂದರು. ಕೆಲಸದವರೆಲ್ಲ ನಿಂತು ಕೇಳುತ್ತಿದ್ದರು. ತಪ್ಪು ನನ್ನದು ಎಂದು ಹೇಳಬೇಕಾದ ನಾನು ಹಾಜರಿ ಪುಸ್ತಕ ತೆರೆದು ಗುರುತು ಹಾಕತೊಡಗಿದೆ. ನನಗೂ ಕೆಲಸ ಬೇಕಿತ್ತು.

ಉಳಿವೆಪ್ಪ ಉಡಿಯಿಂದ ಕೀಲಿ ಬಿಚ್ಚಿ ಗೇಟಿನ ಕಟ್ಟೆಯ ಮೇಲಿಟ್ಟ. ಒಂದು ಹೇಳಿಕೆ ಕೇಳಿದ್ದೆ, ಕೊಡುತ್ತೇನೆಂದಿದ್ದಿರಿ ಎಂದಷ್ಟೇ ಅಂದ. ಅದು ಸಾಹುಕಾರರನ್ನು ಇನ್ನಷ್ಟು ಕೆರಳಿಸಿತು.

“ನಾವೆಲ್ಲಾ ಒಂದ ಮನಿ ಮಂದಿ ಅಂತ ಒಂದ್ ತಾಸ್ ಗಂಟಲ ಹರಕೊಂಡೇನಿ,” ಎಂದರು. “ಮನಿ ಮಗನ್ನ ಯಾರರ ಬಾಗಲಿಗೆ ಹೋಗಿ ಊಟಕ್ಕ ಕರೀತಾರೇನೋ, ಖೋಡಿ?”

ಉಳಿವೆಪ್ಪ ರುಮಾಲು ಸರಿಮಾಡಿಕೊಂಡ. ಊರಿಗೆ ಕೇಳುವಂತೆ ಕೂಗುವ ಮನುಷ್ಯ, ಹತ್ತಿರ ನಿಂತವರಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಮಾತಾಡಿದ.

“ಮನಿ ಮಗ ಬಂದಿಲ್ಲಂದ್ರ ಅಪ್ಪಗ ಎಲಿ ಹಾಕೂ ಮುಂದನ ಗೊತ್ತಾಗತೈತ್ರಿ ಸಾವಕಾರ್ರ. ನಿಮಗ ಮಂದಿ ಏಳದಾಗ ಗೊತ್ತಾತು.”